ಮೂವತ್ತಕ್ಕೆ ಒಂದು ದಿನ ಕಡಿಮೆ

ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಜವಾನನಿಂದ ಹಿಡಿದು ಸಾಹೇಬರವರೆಗೆ ಎಲ್ಲರಿಗೂ ಆಕೆ ಗೀಟಕ್ಕ. ಹತ್ತೊಂಬತ್ತು ವರ್ಷದಿಂದ ಆರೋಗ್ಯ ಕಚೇರಿಯ ಹಿಂಬದಿಯ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂತು, ಸ್ಕೇಲು ಮತ್ತು ಕೆಂಪು ಪೆನ್ನು ಹಿಡಿದು ಗೀಟು ಎಳೆಯುವುದೇ ಆಕೆಯ ಉದ್ಯೋಗ. ಎಂಥ ಗೀಟು ಅಂತೀರಿ? ಊರಿನವರು ಬಾಯಿಬಿಟ್ಟು ಹೇಳದ ಕಾಯಿಲೆಗಳ ಗೀಟು. ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು ಇವನ್ನೆಲ್ಲ ಜನ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿಕೊಂಡು ಹಗುರಾಗುತ್ತಾರೆ. ಮೈಯಿಂದ ಮೈಗೆ ಹತ್ತುವ ಕಾಯಿಲೆ ಬಂದರೆ ಮಾತ್ರ ಬಾಯಿಗೆ ಬೀಗ. ಗೋಡೆಗೆ ಅಂಟಿಸಿದ ಕಾಗದದಲ್ಲಿ ‘ಗುಪ್ತರೋಗ’ ಎಂದು ಓದಿ, ಆಚೀಚೆ ನೋಡಿ, ಫೋನ್ ನಂಬರು ಬರೆದುಕೊಂಡು ಕಾಲು ಕೀಳುತ್ತಾರೆ. ಅಂಥವರನ್ನೂ ಬಿಡದೆ ಎಣಿಸಬೇಕಲ್ಲ, ಅದು ಗೀಟಕ್ಕನ ಪಾಲಿಗೆ ಬಂದಿತ್ತು.

ಎಣಿಸುವುದಕ್ಕೂ ಒಂದು ಕ್ರಮ ಇತ್ತು. ವಾರಕ್ಕೊಮ್ಮೆ ಲ್ಯಾಬುಗಳಿಂದ, ಕ್ಲಿನಿಕ್ಕಿನಿಂದ, ಊರೆಲ್ಲ ಸುತ್ತುವ ಪರೀಕ್ಷೆ ವ್ಯಾನಿನಿಂದ ಚೀಟಿಗಳು ಬರುತ್ತಿದ್ದವು. ಚೀಟಿಯಲ್ಲಿ ಹೆಸರಿರುವುದಿಲ್ಲ. ಹುಟ್ಟಿದ ತಾರೀಖು, ಗಂಡೋ ಹೆಣ್ಣೋ, ತಾಯಿಯ ಹೆಸರಿನ ಮೊದಲ ಅಕ್ಷರ, ವಾರ್ಡು, ಇಷ್ಟು ಸೇರಿದರೆ ಒಂದು ನಂಬರು. ನಿಮ್ಮ ಹೆಸರು ಎಲ್ಲೂ ಹೋಗುವುದಿಲ್ಲ ಎಂದು ಮಾತು ಕೊಟ್ಟ ಮೇಲೇ ಜನ ರಕ್ತ ಕೊಡುವುದು. ಹೆಸರಿನ ಹಾಳೆಗಳು ಸಾಹೇಬರ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿಕೊಂಡು ಇರುತ್ತಿದ್ದವು. ಗೀಟಕ್ಕ ಚೀಟಿ ಎಣಿಸಿ, ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು, ಯಾರನ್ನು ಕರೆದು ಸೂಜಿ ಹಾಕಬೇಕು ಎಂಬ ಪಟ್ಟಿ ಮಾಡಿ ಕಳಿಸಿದರೆ ಆಕೆಯ ಕೆಲಸ ಮುಗಿಯಿತು. ಹತ್ತೊಂಬತ್ತು ವರ್ಷದಲ್ಲಿ ಒಬ್ಬ ರೋಗಿಯ ಮುಖವನ್ನೂ ಆಕೆ ನೋಡಿದವಳಲ್ಲ.

ಆದರೆ ಹೆದರಿದ ಮನುಷ್ಯ ಒಂದೇ ಕಡೆ ಪರೀಕ್ಷೆ ಮಾಡಿಸಿ ಸುಮ್ಮನೆ ಕೂರುವುದಿಲ್ಲ. ಇಲ್ಲೊಂದು, ಅಲ್ಲೊಂದು, ವ್ಯಾನಿನಲ್ಲಿ ಇನ್ನೊಂದು. ಒಬ್ಬನೇ ಮೂರು ಚೀಟಿಯಾಗಿ ಬಂದು, ಗೀಟು ದಿಢೀರನೆ ಮೇಲೆ ಹಾರಿ, ಮೇಲಿನವರು ಸಾಹೇಬರಿಗೆ ಉಗಿದು, ಸಾಹೇಬರು ಗೀಟಕ್ಕನಿಗೆ ಉಗಿಯುತ್ತಿದ್ದರು. ಹತ್ತು ವರ್ಷದ ಹಿಂದೆ ಗೀಟಕ್ಕನೇ ತಲೆ ಓಡಿಸಿ ಒಂದು ನಿಯಮ ಮಾಡಿದಳು. ಮೂರು ತಿಂಗಳ ಒಳಗೆ ಅದೇ ನಂಬರು ಮತ್ತೆ ಬಂದರೆ ಎರಡನೆಯ ಚೀಟಿಗೆ ಕೆಂಪು ಗೀಟು ಹೊಡೆದು ‘ಪುನಃ’ ಎಂದು ಬರೆಯುವುದು. ಆ ಎರಡನೆಯ ಚೀಟಿಯ ಹೆಸರಿನ ಹಾಳೆ ಹರಿದು ಹಾಕುವುದು. ಲೆಕ್ಕ ತೊಳೆದಿಟ್ಟ ಹಾಗಾಯಿತು. ಸಾಹೇಬರು ಬೆನ್ನು ತಟ್ಟಿ, ಆ ನಿಯಮವನ್ನು ತಮ್ಮ ಸಹಿ ಹಾಕಿ ಇನ್ನೂ ಹನ್ನೊಂದು ಊರಿಗೆ ಕಳಿಸಿದರು. ಗೀಟಕ್ಕ ಹೊರಗೆ ‘ಅಯ್ಯೋ ಬಿಡಿ ಸರ್’ ಅಂದಳು, ಒಳಗೆ ಉಬ್ಬಿ ಹೋದಳು. ಯಾರು ಉಬ್ಬುವುದಿಲ್ಲ ಹೇಳಿ.

ಆ ಸೋಮವಾರ ವರ್ಷದ ಗ್ರಾಫ್ ಮುಗಿಸಬೇಕಿತ್ತು. ಸಿಫಿಲಿಸ್‌ನ ಗೀಟು ಹೋದ ವರ್ಷ ನಲವತ್ತರ ಹತ್ತಿರ ಮಲಗಿದ್ದದ್ದು ಈ ವರ್ಷ ಎಪ್ಪತ್ತಮೂರಕ್ಕೆ ತಲೆ ಎತ್ತಿತ್ತು. ಅದಕ್ಕೇ ಆಕೆಗೆ ಬೆಳಗ್ಗೆಯಿಂದ ಕಿರಿಕಿರಿ. ಇದ್ದದ್ದರಲ್ಲಿ ಸಮಾಧಾನವೆಂದರೆ ಹಾಳೆಯ ಕೊನೆಯ ಸಾಲು, ‘ನವಜಾತ ಶಿಶು’. ತಾಯಿಯ ಸಿಫಿಲಿಸ್ ಹೊಟ್ಟೆಯ ಕೂಸಿಗೂ ಹತ್ತುತ್ತದೆ. ಹೆರಿಗೆಗೆ ಮೂವತ್ತು ದಿನ ಮೊದಲೇ ತಾಯಿಗೆ ಮೊದಲ ಸೂಜಿ ಬಿದ್ದಿದ್ದರೆ ಕೂಸು ಪಾರು ಎಂದು ಕಚೇರಿಯ ಪುಸ್ತಕ ಹೇಳುತ್ತಿತ್ತು. ಮೂವತ್ತಕ್ಕೆ ಒಂದು ದಿನ ಕಡಿಮೆಯಾದರೂ ಕೂಸನ್ನು ರೋಗಿ ಎಂದೇ ಬರೆದು, ಹತ್ತು ದಿನ ಅದಕ್ಕೇ ಸೂಜಿ ಹಾಕಬೇಕು. ಆ ಸಾಲಿನಲ್ಲಿ ಹತ್ತೊಂಬತ್ತು ವರ್ಷವೂ ಸೊನ್ನೆ. ಸೊನ್ನೆಯ ಆ ಸಾಲು ನೋಡಿದರೆ ಗೀಟಕ್ಕನಿಗೆ ಮನೆ ಸಾರಿಸಿಟ್ಟ ಹಾಗೆ ಅನಿಸುತ್ತಿತ್ತು.

ಕೊನೆಗೆ ‘ಪುನಃ’ ಚೀಟಿಗಳ ಕಟ್ಟು ಬಿಚ್ಚಿದಳು. ಮೂವತ್ತೊಂದು. ಸುಮ್ಮನೆ ಎಣಿಸಿ ಕಟ್ಟಿಡಬಹುದಿತ್ತು, ಆದರೆ ಕೈ ಸುಮ್ಮನಿರಬೇಕಲ್ಲ, ಒಂದೊಂದನ್ನೇ ಅದರ ಜೋಡಿಯ ಪಕ್ಕ ಇಟ್ಟು ನೋಡುತ್ತಾ ಹೋದಳು. ಹದಿನೆಂಟನೆಯ ಜೋಡಿಗೆ ಬಂದಾಗ ಕೈ ನಿಂತಿತು. ಹನ್ನೊಂದನೇ ವಾರ್ಡು, ಹೆಣ್ಣು, ಇಪ್ಪತ್ತಾರು ವರ್ಷ. ಮೊದಲ ಚೀಟಿಯಲ್ಲಿ ‘ಗರ್ಭಿಣಿ: ಇಲ್ಲ’. ಮೂರು ವಾರ ಬಿಟ್ಟು ವ್ಯಾನಿನಿಂದ ಬಂದ ಎರಡನೆಯದರಲ್ಲಿ ‘ಗರ್ಭಿಣಿ: ಹೌದು, ೨೪ ವಾರ’. ಅದರ ಮೇಲೆ ಆಕೆಯದೇ ಕೆಂಪು ಗೀಟು. ಕೆಳಗೆ ಆಕೆಯದೇ ಗುಂಡು ಅಕ್ಷರದಲ್ಲಿ, ‘ಪುನಃ. ವ್ಯಾನಿನವರು ಬರೆದದ್ದು ತಪ್ಪು.’

ತಪ್ಪು ವ್ಯಾನಿನವರದಲ್ಲದಿದ್ದರೆ? ಅಂದರೆ ಇವರು ಇಬ್ಬರು. ಒಬ್ಬಳಿಗೆ ಸೂಜಿಯಾಗಿದೆ, ಇನ್ನೊಬ್ಬಳಿಗೆ ಆಗಿಲ್ಲ. ಆ ಇನ್ನೊಬ್ಬಳ ಹೆಸರಿನ ಹಾಳೆ ಹರಿದು ಹತ್ತು ವಾರವಾಗಿದೆ. ಇಪ್ಪತ್ತನಾಲ್ಕಕ್ಕೆ ಹತ್ತು ಸೇರಿಸಿದರೆ ಮೂವತ್ತನಾಲ್ಕು ವಾರ. ಹೆರಿಗೆಗೆ ಉಳಿದದ್ದು ಆರು, ಅದೂ ಕೂಸು ಹೇಳಿದ ದಿನಕ್ಕೇ ಬಂದರೆ. ಗೀಟಕ್ಕ ಎದ್ದು ಬಾಗಿಲವರೆಗೆ ಹೋದಳು. ಸಾಹೇಬರ ಕೋಣೆಯಲ್ಲಿ ನಗು ಕೇಳಿಸುತ್ತಿತ್ತು, ಯಾರೋ ಬೇರೆ ಊರಿನಿಂದ ಬಂದು ಗೀಟಕ್ಕನ ನಿಯಮವನ್ನೇ ಹೊಗಳುತ್ತಿದ್ದರು. ಆಕೆ ಅಲ್ಲೇ ನಿಂತಳು. ವಾಪಸು ಬಂದು ಎರಡೂ ಚೀಟಿಯನ್ನು ಡ್ರಾಯರಿನಲ್ಲಿ ಹಾಕಿ ಮುಚ್ಚಿದಳು. ನಾಳೆ ನೋಡೋಣ, ವ್ಯಾನಿನವರ ತಪ್ಪೇ ಇದ್ದೀತು, ಎಂದುಕೊಂಡಳು.

ಮನೆಗೆ ಬಂದರೂ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಗಂಡ ರೇಡಿಯೊ ರಿಪೇರಿಯವ, ಹಜಾರದ ಮೇಜಿನ ಮೇಲೆ ಒಂದರ ಹೊಟ್ಟೆ ಬಗೆದಿಟ್ಟುಕೊಂಡು ಕೂತಿದ್ದ.

“ಏನು, ಇವತ್ತು ಗೀಟು ಸೊಟ್ಟಗಾಯ್ತಾ?”

“ಸುಮ್ನಿರಿ.”

“ಸುಮ್ನೇ ಇದ್ದೆ. ನೀನು ಒಂದೇ ಟವೆಲ್ಲನ್ನ ಮೂರು ಸಲ ಮಡಿಸಿದೆ, ಅದಕ್ಕೆ ಕೇಳಿದೆ.”

ಅವಳು ಟವೆಲ್ಲು ಕೆಳಗಿಟ್ಟಳು. “ಸರಿಯಾಗಿಲ್ಲ ಅಂತ ಗೊತ್ತಿದ್ದೂ ಸರಿ ಇದೆ ಅಂತ ಯಾವತ್ತಾದ್ರೂ ಗಿರಾಕಿಗೆ ವಾಪಸ್ ಕೊಟ್ಟಿದ್ದೀರಾ?”

“ಒಂದ್ಸಲ. ಮಾರನೇ ದಿನ ತಂದು ನನ್ನ ತಲೆ ಮೇಲೇ ಇಡೋಕೆ ಬಂದ.” ಅವನು ನಕ್ಕ. “ಹೋಗ್ಲಿ ಬಿಡು, ರೇಡಿಯೊ ತಾನೆ. ಹಾಡು ಕೇಳ್ಸಲ್ಲ, ಅಷ್ಟೇ.”

“ಹೌದು. ರೇಡಿಯೊ,” ಅಂದಳು ಗೀಟಕ್ಕ. ಊಟದ ಹೊತ್ತಿಗೆ ಅವನ ಬಟ್ಟಲಿಗೆ ಉಪ್ಪು ಎರಡು ಸಲ ಹಾಕಿದಳು, ಅವನು ತುಟಿ ಪಿಟ್ಟೆನ್ನದೆ ತಿಂದ.

ಮಂಗಳವಾರ ಕಚೇರಿ ಬಾಗಿಲು ತೆಗೆಯುವ ಮೊದಲೇ ಹಿತ್ತಲಿಗೆ ಹೋದಳು. ಅಲ್ಲಿ ಬಾಗಿಲ ಸಿಸ್ಟರ್ ತನ್ನ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಳು. ಕರೆಪಟ್ಟಿ ಹಿಡಿದು ಮನೆಮನೆಯ ಬಾಗಿಲು ತಟ್ಟುವ ನರ್ಸ್ ಈಕೆ, ಅದಕ್ಕೇ ಆ ಹೆಸರು. ಗೀಟಕ್ಕನಿಗಿಂತ ಹದಿನೈದು ವರ್ಷ ಚಿಕ್ಕವಳು, ಆದರೆ ನಾಲಿಗೆಗೆ ವಯಸ್ಸಿನ ಹಂಗಿರಲಿಲ್ಲ. ಗೀಟಕ್ಕ ಎರಡೂ ಚೀಟಿ ಮುಂದಿಟ್ಟಳು. ಸಿಸ್ಟರ್ ಒಂದು ನೋಡಿದಳು, ಇನ್ನೊಂದು ನೋಡಿದಳು.

“ಅಕ್ಕಾ, ಮೂರು ವಾರದಲ್ಲಿ ಆರು ತಿಂಗಳ ಬಸುರಿ ಆಗೋಕೆ ಅದೇನು ಬಲೂನಾ, ಊದಿದ ತಕ್ಷಣ ಉಬ್ಬೋಕೆ?”

“ತಪ್ಪು ಬರೆದಿದ್ದಾರೆ ಅಂದ್ಕೊಂಡೆ ಕಣೆ.”

“ಈ ಮೊದಲನೇಳು ನಂಗೊತ್ತು. ಲಾಂಡ್ರಿಲಿ ಇಸ್ತ್ರಿ ಹಾಕೋಳು. ನಾನೇ ಮೂರು ವಾರ ಸೂಜಿ ಹಾಕ್ಸಿದ್ದೀನಿ. ಹೊಟ್ಟೆ ಬೆನ್ನಿಗಂಟಿಕೊಂಡಿತ್ತು, ಬಸುರಿ ಅಲ್ಲವೇ ಅಲ್ಲ.” ಹೇಳುತ್ತಲೇ ಸಿಸ್ಟರ್ ಪಂಪು ಕೆಳಗಿಟ್ಟಳು. “ಅಕ್ಕಾ. ಅವಳ ಮನೆ ಗೋಡೆ ಮೇಲೊಂದು ಫೋಟೋ ಇದೆ. ಇಬ್ರು ಹುಡುಗೀರು, ಒಂದೇ ಮುಖ, ಒಂದೇ ಫ್ರಾಕು. ಇದರಲ್ಲಿ ನೀನ್ಯಾರಮ್ಮ ಅಂತ ನಾನೇ ಕೇಳಿದ್ದೆ.”

ಒಂದೇ ದಿನ ಹುಟ್ಟಿದವರು, ಇಬ್ಬರೂ ಹೆಣ್ಣು, ಒಬ್ಬಳೇ ತಾಯಿ, ಒಂದೇ ವಾರ್ಡು. ಅವಳಿ ಜವಳಿ ಎಂಬ ಜನರೂ ಭೂಮಿ ಮೇಲೆ ಇದ್ದಾರೆ ಎನ್ನುವುದು ಹತ್ತು ವರ್ಷದಲ್ಲಿ ಗೀಟಕ್ಕನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಹನ್ನೊಂದು ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

“ಇಬ್ರಿಗೂ ಎಲ್ಲಿಂದ ಬಂತೋ,” ಅಂದಳು ಗೀಟಕ್ಕ.

“ಅದು ಆಮೇಲಿನ ಮಾತು. ಯಾರಿಂದ ಯಾರಿಗೆ ಅಂತ ನಾನು ಹುಡುಕ್ತೀನಿ, ಅದೇ ನನ್ನ ಹಣೆಬರಹ. ಇವತ್ತು ಸೂಜಿ ನೋಡು. ನಿಂಗಿದು ಯಾವಾಗ ಗೊತ್ತಾಯ್ತು?”

“ನಿನ್ನೆ ಮಧ್ಯಾಹ್ನ.”

ಸಿಸ್ಟರ್ ಆಕೆಯ ಮುಖವನ್ನೇ ನೋಡಿದಳು, ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು ಎಂದು ಗೀಟಕ್ಕನಿಗೆ ಅನಿಸಿತು.

ಗೀಟು ಹೊಡೆದ ನಂಬರಿಗೆ ಕ್ಲಿನಿಕ್ಕಿನಲ್ಲಿ ಮದ್ದು ಕೊಡುವುದಿಲ್ಲ. ನಂಬರನ್ನು ಮತ್ತೆ ತೆರೆಯಬೇಕಾದರೆ ಸಾಹೇಬರ ಸಹಿ ಬೇಕು. ಸಾಹೇಬರು ಮೀಟಿಂಗಿನಲ್ಲಿದ್ದರು. ಹನ್ನೊಂದಾಯಿತು, ಒಂದಾಯಿತು, ಎರಡೂವರೆಯಾಯಿತು. ಗೀಟಕ್ಕ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದು, ಕುಡಿಯುವ ನೀರಿನ ಡ್ರಮ್ಮಿನ ಹತ್ತಿರ ನಿಂತು, ಬೇಡದಿದ್ದರೂ ಕುಡಿದು, ಮತ್ತೆ ನಡೆದಳು. ಜವಾನ “ಅಕ್ಕಾ, ನೆಲ ಸವೀತದೆ” ಅಂದ. ಮೂರೂವರೆಗೆ ಬಾಗಿಲು ತೆರೆಯಿತು.

ಸಾಹೇಬರು ಕೆಟ್ಟವರಲ್ಲ, ಪುಕ್ಕಲು, ಅಷ್ಟೇ. ಚೀಟಿ ನೋಡಿ ಕನ್ನಡಕ ತೆಗೆದು ಒರೆಸಿದರು. “ವ್ಯಾನಿನವರಿಗೆ ಒಂದು ಪತ್ರ ಬರೀರಿ. ವಿವರಣೆ ಕೇಳಿ. ಒಂದು ವಾರದಲ್ಲಿ ಉತ್ತರ ಬರುತ್ತೆ.”

“ಒಂದು ವಾರ ಇಲ್ಲ ಸರ್.”

“ಗೀಟಕ್ಕ, ನಿಯಮ ನಿಮ್ಮದು. ಆದ್ರೆ ಹನ್ನೊಂದು ಊರಿಗೆ ಹೋಗಿರೋದು ನನ್ನ ಸಹಿ. ಈಗ ಅದರಲ್ಲಿ ತೂತಿದೆ ಅಂತ ನಾನೇ ಹೋಗಿ ಹೇಳ್ಲಾ?”

“ನಾನು ಹೇಳ್ತೀನಿ ಸರ್. ತೂತು ಮಾಡಿದೋಳೂ ನಾನೇ. ನೀವು ಇದೊಂದಕ್ಕೆ ಸಹಿ ಹಾಕಿ.”

ಸಾಹೇಬರು ಪೆನ್ನು ತಿರುಗಿಸುತ್ತಾ ಕೂತರು. ಗೀಟಕ್ಕ ಕುರ್ಚಿ ಇದ್ದರೂ ಕೂರಲಿಲ್ಲ. ಗಡಿಯಾರದ ಮುಳ್ಳು ಹತ್ತು ನಿಮಿಷ ದಾಟಿತು. ಕೊನೆಗೆ ಅವರು ಸಹಿ ಹಾಕಿ, ಕಾಗದವನ್ನು ಬೆರಳ ತುದಿಯಲ್ಲಿ ಆಕೆಯ ಕಡೆಗೆ ತಳ್ಳಿದರು.

ಹೆಸರಿನ ಹಾಳೆ ಹರಿದು ಹೋಗಿದ್ದರಿಂದ ಇಬ್ಬರೂ ಮೊದಲು ಇಸ್ತ್ರಿಯವಳನ್ನೇ ಕೇಳಲು ಹೋದರು. ಲಾಂಡ್ರಿಯ ಉದ್ದನೆಯ ಕೋಣೆಯಲ್ಲಿ ಬಿಳಿ ಹಾಸುಗಳು ರಾಶಿ ಬಿದ್ದಿದ್ದವು, ಹಬೆಯಲ್ಲಿ ಗೋಡೆಗಳು ಬೆವರುತ್ತಿದ್ದವು. ಸಿಸ್ಟರನ್ನು ಕಂಡದ್ದೇ ಇಸ್ತ್ರಿಯವಳ ಮುಖ ಕಪ್ಪಿಟ್ಟಿತು. ಇಸ್ತ್ರಿಪೆಟ್ಟಿಗೆ ನಿಲ್ಲಿಸಿಟ್ಟು ಹಿಂಬಾಗಿಲಿಗೆ ಬಂದಳು. ಗೀಟಕ್ಕ ಕಣ್ಣು ಕೀಳದೆ ನೋಡಿದಳು. ತೆಳ್ಳನೆಯ ಹೆಂಗಸು, ಎಡಗೈ ಮೇಲೆ ಸುಟ್ಟ ಕಲೆ, ಒಂದು ಹುಬ್ಬು ಸ್ವಲ್ಪ ಮೇಲೆ. ಇವಳು ಚೀಟಿಯಲ್ಲಿ ಇದ್ದದ್ದು ಬರೀ ಹನ್ನೊಂದು ಅಂಕಿ, ಒಂದು ಅಕ್ಷರವಾಗಿ.

“ಮೂರು ತಿಂಗಳ ರಕ್ತಪರೀಕ್ಷೆ ಹತ್ತಿರ ಬಂತು, ನೆನಪಿಸೋಕೆ ಬಂದೆ,” ಅಂದಳು ಸಿಸ್ಟರ್. “ಹಾಂ, ನಿಮ್ಮನೆ ಫೋಟೋದಲ್ಲಿ ಇನ್ನೊಬ್ಬಳು ಇದ್ದಳಲ್ಲ. ಅವಳೆಲ್ಲಿರೋದು?”

“ಯಾಕೆ ಸಿಸ್ಟರ್?”

“ಈ ವಾರ್ಡಿನ ಬಸುರಿಯರ ಪಟ್ಟಿ ಮಾಡ್ತಿದ್ದೀವಿ.”

“ಅವಳು ಬಸುರಿ ಅಂತ ನಿಮಗ್ಯಾರು ಹೇಳಿದ್ರು?” ಇಸ್ತ್ರಿಯವಳು ಇಬ್ಬರನ್ನೂ ನೋಡಿದಳು. “ನಂಗೇ ಗೊತ್ತಿಲ್ಲ.”

ಒಬ್ಬರ ಕಾಯಿಲೆ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ, ಅಕ್ಕತಂಗಿಯಾದರೂ ಸರಿ, ಗಂಡ ಹೆಂಡತಿಯಾದರೂ ಸರಿ. ಆ ಒಂದು ಮಾತಿನ ಮೇಲೇ ಇಡೀ ಕೆಲಸ ನಿಂತಿರುವುದು. ಕೊನೆಗೆ ಸಿಸ್ಟರ್ ಹೇಳಿದಳು, “ನನ್ನ ಏನೂ ಕೇಳಬೇಡ. ಕೇಳಿದ್ರೆ ಸುಳ್ಳು ಹೇಳಬೇಕಾಗುತ್ತೆ. ಮನೆ ಎಲ್ಲಿ, ಅಷ್ಟು ಹೇಳು.”

ಇಸ್ತ್ರಿಯವಳು ಸೆರಗಿನ ಅಂಚು ಸುತ್ತುತ್ತಾ ನಿಂತಳು. “ಎರಡು ವರ್ಷದಿಂದ ಮಾತಿಲ್ಲ. ಅಮ್ಮನ ಹೊಲಿಗೆ ಮಿಷನ್ ಅವಳು ತಗೊಂಡು ಹೋದ್ಲು, ನಾನು ಬಾಯಿಗೆ ಬಂದಿದ್ದು ಅಂದೆ. ಬಸ್ ಡಿಪೋ ಹಿಂದೆ, ಹಸಿರು ಗೇಟಿನ ಬಿಲ್ಡಿಂಗು, ಮೂರನೇ ಮಹಡಿ, ಐದನೇ ಬಾಗಿಲು. ನಾನು ಹೇಳಿದೆ ಅನ್ನಬೇಡಿ.” ಅವರು ಹೊರಟಾಗ ಹಿಂದಿನಿಂದ ಕೇಳಿದಳು, “ಎಷ್ಟು ತಿಂಗಳು?”

“ಎಂಟು,” ಎಂದುಬಿಟ್ಟಳು ಗೀಟಕ್ಕ. ಸಿಸ್ಟರ್ ಆಕೆಯ ತೋಳು ಚಿವುಟಿದ್ದು ಎಂಥದು ಅಂದರೆ ಎರಡು ದಿನ ಅಲ್ಲಿ ನೀಲಿಗಟ್ಟಿತ್ತು.

ಬಾಗಿಲ ಸಿಸ್ಟರ್‌ದು ಒಂದು ಪದ್ಧತಿ. ಒಂದು ಮನೆಗೆ ಹೋಗಬೇಕಾದರೆ ಆ ಮಹಡಿಯ ಎಲ್ಲ ಬಾಗಿಲೂ ತಟ್ಟುವುದು. ಎಲ್ಲರಿಗೂ ಬಿ.ಪಿ. ನೋಡುವುದು, ಎಲ್ಲರಿಗೂ ಕಬ್ಬಿಣದ ಮಾತ್ರೆ ಕೊಡುವುದು. ಆಗ ಯಾರ ಮನೆಗೆ ಯಾಕೆ ಬಂದರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಮೂರನೇ ಮಹಡಿಯಲ್ಲಿ ಎಂಟು ಬಾಗಿಲು. ಮೊದಲ ಮನೆಯ ಅಜ್ಜ ತನ್ನ ಎಡಗಾಲಿನ ಇತಿಹಾಸವನ್ನೆಲ್ಲ ಹೇಳಿದ. ಎರಡನೆಯ ಮನೆಯವಳು ಎರಡೂ ಕೈಗೆ ಬಿ.ಪಿ. ನೋಡಿ ಅಂದಳು. ಗೀಟಕ್ಕ ತೂಕದ ಯಂತ್ರ ಎದೆಗವಚಿಕೊಂಡು ಮುಂದಿನ ಬಾಗಿಲುಗಳನ್ನೇ ನೋಡುತ್ತಿದ್ದಳು. ಐದನೆಯದಕ್ಕೇ ನೇರ ಹೋಗಿಬಿಡೋಣ ಎಂದು ಎರಡು ಸಲ ಪಿಸುಗುಟ್ಟಿದಳು, ಸಿಸ್ಟರ್ ಎರಡು ಸಲವೂ ಕಣ್ಣಲ್ಲೇ ಗದರಿದಳು.

ಐದನೆಯ ಬಾಗಿಲು ತೆರೆಯಿತು. ಅದೇ ಮುಖ, ಅದೇ ಮೇಲೆದ್ದ ಹುಬ್ಬು. ಕೈ ಮೇಲೆ ಸುಟ್ಟ ಕಲೆ ಇರಲಿಲ್ಲ, ಹೊಟ್ಟೆ ಬಾಗಿಲು ತುಂಬಿತ್ತು. ಅವಳ ಅತ್ತೆ ಒಳಗೆ ಕುರ್ಚಿಯ ಮೇಲಿದ್ದರು, ಪಕ್ಕದಲ್ಲಿ ಹಳೆಯ ಹೊಲಿಗೆ ಮಿಷನ್. ಸಿಸ್ಟರ್ ಮೊದಲು ಅತ್ತೆಯ ಬಿ.ಪಿ. ನೋಡಿ, ಉಪ್ಪು ಕಡಿಮೆ ಮಾಡಿ ಅಂದು, ಸೊಸೆಯ ತೂಕ ಮಾತ್ರ ಇಲ್ಲಿ ನೆಲ ಸಮ ಇಲ್ಲ, ಮೆಟ್ಟಿಲ ಹತ್ತಿರ ನೋಡೋಣ ಎಂದು ಹೊರಗೆ ಕರೆದಳು.

ಮೆಟ್ಟಿಲ ತಿರುವಿನಲ್ಲಿ ತೂಕದ ಯಂತ್ರದ ಮೇಲೆ ನಿಲ್ಲಿಸಿಕೊಂಡೇ ಸಿಸ್ಟರ್ ತಗ್ಗಿದ ದನಿಯಲ್ಲಿ ವಿಷಯ ಹೇಳಿದಳು. ಬಸುರಿ ಗಾಬರಿಯಾಗಲಿಲ್ಲ.

“ಅದು ಆಗಿದೆಯಲ್ಲ ಸಿಸ್ಟರ್.”

“ಏನಾಗಿದೆ?”

“ಸೂಜಿ ಆಗಿದೆ ಅಂದ್ರು. ವ್ಯಾನಿನ ಹತ್ರ ರಿಸಲ್ಟ್ ಕೇಳೋಕೆ ಹೋದೆ. ಅವರೇ ಕೊಟ್ಟಿದ್ದ ಟೋಕನ್ನಿನ ನಂಬರು ನೋಡಿ ಪಟ್ಟಿ ನೋಡಿದ್ರು. ನಿಮಗೆ ಕಾಯಿಲೆ ಇತ್ತು, ಚಿಕಿತ್ಸೆ ಕೊಟ್ಟಾಯ್ತು ಅಂತ ಬರೆದಿದೆ ಅಂದ್ರು. ನಂಗ್ಯಾರೂ ಸೂಜಿ ಹಾಕಿಲ್ಲ ಅಂದೆ. ಕಾಗದಾನೇ ತೋರ್ಸಿದ್ರು, ಕೆಂಪು ಗೀಟು ಹಾಕಿತ್ತು. ಎರಡನೇ ಸಲ ಹೋದಾಗ ಬೈದ್ರು. ಕಾಗದದಲ್ಲಿ ಇದ್ಮೇಲೆ ನಂಗೇ ಮರೆತಿರ್ಬೇಕು ಅಂತ ಬಂದ್ಬಿಟ್ಟೆ.”

ತನಗೆ ಸೂಜಿ ಚುಚ್ಚಿದ್ದು ತನಗೇ ಮರೆತಿರಬೇಕು ಎಂದುಕೊಂಡಿದ್ದಳಂತೆ. ಕಾಗದವನ್ನು ನಂಬಿ ತನ್ನ ಮೈಯನ್ನೇ ನಂಬಲಿಲ್ಲ. ಗೀಟಕ್ಕ ಮೆಟ್ಟಿಲ ಕಂಬಿ ಹಿಡಿದುಕೊಂಡಳು.

“ಆ ಗೀಟು ಹೊಡೆದೋಳು ನಾನಮ್ಮ. ಬೇರೆಯವರದೇ ಚೀಟಿ ಮತ್ತೆ ಬಂದಿದೆ ಅಂದ್ಕೊಂಡೆ. ತಪ್ಪು ನಂದು.”

ಬಸುರಿ ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು. ಬೈಯಲಿಲ್ಲ. ಟೋಕನಿಗೆಂದು ವ್ಯಾನಿನಲ್ಲಿ ಏನೇನು ಕೇಳಿದ್ದರು ಎಂದು ನೆನಪು ಮಾಡಿಕೊಳ್ಳುವವಳಂತೆ ಬೆರಳು ಮಡಿಸಿದಳು. “ಹುಟ್ಟಿದ ದಿನ, ಅಮ್ಮನ ಹೆಸರು,” ಅಂದಳು ನಿಧಾನವಾಗಿ. “ಹಂಗಿರೋಳು ಇನ್ನೊಬ್ಬಳೇ.” ಅವಳು ಅದನ್ನು ಮುಂದುವರಿಸಲಿಲ್ಲ. “ಮಗೂಗೆ ಏನಾಗುತ್ತೆ?” ಎಂದಷ್ಟೇ ಕೇಳಿದಳು.

“ಸೂಜಿ ಬಿದ್ಮೇಲೆ ಹೆರಿಗೆ ಮೂವತ್ತು ದಿನ ತಡೆದ್ರೆ ಪಾರು,” ಅಂದಳು ಸಿಸ್ಟರ್. “ತಡೀದೇ ಇದ್ರೂ ಮದ್ದಿದೆ, ಮಗೂಗೇ ಸೂಜಿ ಹಾಕ್ಬೇಕಾಗುತ್ತೆ. ಇವತ್ತು ಕ್ಲಿನಿಕ್ ಮುಚ್ಚಿದೆ. ನಾಳೆ ಒಂಬತ್ತಕ್ಕೆ ಬಾ. ಗಂಡನ ವಿಷಯ ಆಮೇಲೆ ಮಾತಾಡೋಣ. ನಿಂಗೆ ರಕ್ತ ಕಡಿಮೆ ಇದೆ, ಅದಕ್ಕೆ ಸೂಜಿ ಅಂತ ಅತ್ತೆಗೆ ಹೇಳು.” ಆಮೇಲೆ ಉಳಿದ ಮೂರು ಬಾಗಿಲೂ ತಟ್ಟಿದರು. ಅಷ್ಟು ನಿಯತ್ತು ಬೇಕೇ ಬೇಕು.

ಬುಧವಾರ ಮೊದಲ ಸೂಜಿ ಬಿತ್ತು. ಗೀಟಕ್ಕ ಒಂದು ಹಾಳೆಯಲ್ಲಿ ಮೂವತ್ತು ಮನೆ ಗೀಚಿ, ಮೇಜಿನ ಗಾಜಿನ ಕೆಳಗೆ ಇಟ್ಟು, ದಿನಕ್ಕೊಂದು ಮನೆಗೆ ಗುರುತು ಹಾಕುತ್ತಾ ಬಂದಳು. ಅಷ್ಟರಲ್ಲಿ ಹನ್ನೊಂದು ಊರಿಗೂ ತಾನೇ ಫೋನ್ ಮಾಡಿ, ನಿಯಮ ನಿಲ್ಲಿಸಿ, ಗೀಟು ಹೊಡೆದದ್ದನ್ನೆಲ್ಲ ಮತ್ತೆ ತೆಗೆದು ನೋಡಿ, ತಪ್ಪಾಗಿದೆ ಎಂದು ಹೇಳಿದಳು. ಕೆಲವರು ಥ್ಯಾಂಕ್ಸ್ ಅಂದರು. ಒಬ್ಬ, ಈಗ ಹೇಳ್ತಿದ್ದೀರಲ್ಲ ಮೇಡಂ ಎಂದು ಫೋನ್ ಇಟ್ಟ. ತನ್ನ ಕಟ್ಟಿನ ಉಳಿದ ಮೂವತ್ತು ಚೀಟಿಯನ್ನೂ ಸಿಸ್ಟರ್ ಜೊತೆ ಕೂತು ಬಗೆದು ನೋಡಿದಳು. ಅವೆಲ್ಲ ನಿಜವಾಗಿಯೂ ಪುನಃ. ಆದರೂ ನಿದ್ದೆ ಬರಲಿಲ್ಲ. ಫೋನ್ ಸದ್ದಾದರೆ ಬೆಚ್ಚುವಳು, ಸದ್ದಾಗದಿದ್ದರೆ ಎತ್ತಿ ನೋಡುವಳು. ಗಂಡ, ಕೂಸು ಹೆರೋದು ಅವಳಾ ನೀನಾ ಎಂದು ಛೇಡಿಸಿ, ಆಕೆಯ ಮುಖ ನೋಡಿ ಸುಮ್ಮನಾದ. ಎರಡನೆಯ ಬುಧವಾರದ ಸೂಜಿ ಆಯಿತು, ಮೂರನೆಯದೂ ಆಯಿತು. ಮೂರನೆಯ ಬುಧವಾರ ಇಸ್ತ್ರಿಯವಳು ರಕ್ತಪರೀಕ್ಷೆಗೆಂದು ಅದೇ ಹೊತ್ತಿಗೆ ಬಂದು, ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದಳಂತೆ.

ಇಪ್ಪತ್ತೊಂಬತ್ತನೆಯ ದಿನ, ಗುರುವಾರ, ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ಹೆಣ್ಣು ಮಗು, ಎರಡೂವರೆ ಕಿಲೋ, ಗಟ್ಟಿ ಅಳು. ಗೀಟಕ್ಕ ಗಾಜಿನ ಕೆಳಗಿನ ಹಾಳೆ ನೋಡಿದಳು. ಒಂದೇ ಒಂದು ಮನೆ ಖಾಲಿ ಇತ್ತು.

ಸಾಹೇಬರು ತಾವೇ ಎದ್ದು ಆಕೆಯ ಕೋಣೆಗೆ ಬಂದರು, ಅದು ವರ್ಷಕ್ಕೊಮ್ಮೆ ಆಗುವ ಮಾತು. ಬಾಗಿಲು ಮುಂದೆ ಮಾಡಿ ಕೂತರು.

“ಮಗು ಗುಂಡಗಿದೆಯಂತೆ. ಡಾಕ್ಟರು ನೋಡಿದ್ರಂತೆ, ಮೈ ಮೇಲೆ ಏನೂ ಇಲ್ಲ. ಒಂದು ದಿನ, ಗೀಟಕ್ಕ. ಸೂಜಿಯ ತಾರೀಖು ಮಂಗಳವಾರ ಅಂತ ಬರೆದ್ರೆ ಯಾರ ಗಂಟು ಹೋಗುತ್ತೆ? ಹತ್ತೊಂಬತ್ತು ವರ್ಷದ ಸೊನ್ನೆ ಇದು. ನಿಮ್ಮದೇ ಸೊನ್ನೆ.”

ಆಸೆ ಆಗಲಿಲ್ಲ ಎಂದರೆ ಸುಳ್ಳು. ಒಂದು ಅಂಕಿ ತಿದ್ದಿದರೆ ಸಾಲು ಚೊಕ್ಕ. ಆದರೆ ಮೂವತ್ತು ಎಂದು ಬರೆದರೆ ಕೂಸಿಗೆ ಸೂಜಿ ಇಲ್ಲ. ಅದರ ಒಳಗೆ ಏನಾದರೂ ಅಡಗಿದ್ದರೆ, ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಕಣ್ಣಿಗೆ, ಕಿವಿಗೆ, ಮೂಳೆಗೆ ಬಂದಾಗ ಮತ್ತೆ ಯಾರೋ ಕಾಗದ ತೆಗೆದು ತೋರಿಸುತ್ತಾರೆ, ನಿಮ್ಮದು ಆಗಿದೆಯಲ್ಲ ಎಂದು.

“ಆ ಒಂದು ದಿನ ಎಲ್ಲಿ ಹೋಯ್ತು ಅಂತ ನಂಗೊತ್ತು ಸರ್,” ಅಂದಳು. “ಈ ಡ್ರಾಯರಲ್ಲಿತ್ತು. ಸೋಮವಾರ ಮಧ್ಯಾಹ್ನದಿಂದ ಮಂಗಳವಾರ ಬೆಳಗಿನವರೆಗೆ. ನಾನೇ ಹಾಕಿ ಮುಚ್ಚಿದ್ದೆ.”

ಸಾಹೇಬರು ಡ್ರಾಯರಿನ ಕಡೆ ನೋಡಿದರು, ಎದ್ದು ಹೋದರು. ಗೀಟಕ್ಕ ‘ನವಜಾತ ಶಿಶು’ ಸಾಲಿನಲ್ಲಿ ಸ್ಕೇಲು ಇಡದೆ ‘೧’ ಎಂದು ಬರೆದಳು. ಕೂಸಿನ ನಂಬರನ್ನು ಕರೆಪಟ್ಟಿಗೆ ಸೇರಿಸಿ, ಕೈಚೀಲ ತಗೊಂಡು, ಹೇಳದೆ ಕೇಳದೆ ಆಸ್ಪತ್ರೆಗೆ ನಡೆದಳು.

ವಾರ್ಡಿನಲ್ಲಿ ಬಾಣಂತಿ ಗೋಡೆಗೊರಗಿ ಕೂತಿದ್ದಳು. ಮಂಚದ ಕಾಲ ಬಳಿ ಸ್ಟೂಲಿನ ಮೇಲೆ ಇಸ್ತ್ರಿಯವಳು ಕೂಸಿನ ಬಟ್ಟೆ ಮಡಿಸುತ್ತಿದ್ದಳು. ಇಬ್ಬರ ನಡುವೆ ಮಾತು ಶುರುವಾಗಿತ್ತೋ ಇಲ್ಲವೋ, ಗೀಟಕ್ಕನ ಮುಂದೆ ಆಡಲಿಲ್ಲ.

“ಎಷ್ಟಾಯ್ತು ಅಂತ ನಾನೂ ಎಣಿಸಿದೆ,” ಅಂದಳು ಬಾಣಂತಿ. “ಇಪ್ಪತ್ತೊಂಬತ್ತು.”

“ಹೌದು.”

“ಹಂಗೇ ಬರೆದ್ರಾ?”

“ಹಂಗೇ ಬರೆದೆ.”

“ಈ ಸಲ ಯಾರೂ ಗೀಟು ಹೊಡೆಯಲ್ಲ ತಾನೆ?”

“ಇಲ್ಲಮ್ಮ,” ಅಂದಳು ಗೀಟಕ್ಕ.

ವಾರ್ಡಿನ ನರ್ಸು ಟ್ರೇ ಹಿಡಿದು ಬಂದು ಮಗುವಿನ ಕಾಲು ಅಲ್ಲಾಡದ ಹಾಗೆ ಯಾರಾದರೂ ಹಿಡಿಯಿರಿ ಅಂದಳು. ಇಸ್ತ್ರಿಯವಳು ಮುಖ ತಿರುಗಿಸಿದಳು, ತನ್ನ ಕೈಲಾಗುವುದಿಲ್ಲ ಎಂದಳು. ಬಾಣಂತಿ ಕೂಸನ್ನು ಎತ್ತಿ ಗೀಟಕ್ಕನ ಕಡೆಗೆ ನೀಡಿದಳು.

“ನೀವೇ ಹಿಡ್ಕೊಳಿ.”

ಗೀಟಕ್ಕ ಕೈಚೀಲ ನೆಲಕ್ಕಿಟ್ಟು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ತೊಡೆ ಅನ್ನುವಷ್ಟೂ ದಪ್ಪ ಇರಲಿಲ್ಲ ಅದರ ತೊಡೆ, ಎರಡು ಬೆರಳಲ್ಲಿ ಹಿಡಿದಳು. ಸೂಜಿ ಒಳಗೆ ಹೋದಾಗ ಕೂಸು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಬಾಯಿ ಪೂರ್ತಿ ತೆರೆದು ಅತ್ತಿತು. ಗೀಟಕ್ಕ ಹಿಡಿತ ಸಡಿಲಿಸಲಿಲ್ಲ. ಇನ್ನು ಒಂಬತ್ತು ದಿನ ಬಾಕಿ ಇತ್ತು, ನಾಳೆ ಎಷ್ಟು ಗಂಟೆಗೆ ಬರಬೇಕು ಎಂದು ನರ್ಸನ್ನು ಕೇಳಿದಳು.